ಕಡಂಗದ ಕೆಳಗಿನ ಏಳು ಮನೆ

ಫೆಬ್ರವರಿ 24, ಸೋಮವಾರ

ಹಾಲು: 1.20, 3.05, 5.10, 7.40. ಉಸಿರು ನಿಮಿಷಕ್ಕೆ ಮೂವತ್ತೆಂಟು. ಮೂರು ಸಲ ಎಣಿಸಿದೆ, ಮೂರು ಸಲವೂ ಅಷ್ಟೇ.

ಈ ಪುಸ್ತಕವನ್ನು ತಂದದ್ದು ಪುಟ್ಟಿಯ ಹಾಲಿನ ಹೊತ್ತು ಬರೆದಿಡಲೆಂದು. ಅವಳು ಹುಟ್ಟಿ ಐದು ತಿಂಗಳು, ಅರ್ಧ ಪುಸ್ತಕ ಬರೀ ಗಂಟೆ, ನಿಮಿಷ. ಇವತ್ತು ಬೇರೆ ಏನಾದರೂ ಬರೆಯದಿದ್ದರೆ ತಲೆ ಒಡೆದುಹೋದೀತು.

ಮಧ್ಯಾಹ್ನ ಆಫೀಸಿಗೆ ದಿವ್ಯಶ್ರೀ ಎಂಬ ಆಶಾ ಕಾರ್ಯಕರ್ತೆ ಬಂದಿದ್ದಳು. ನೆಲ್ಲಿಮೊಟ್ಟೆಯವಳು. ಟ್ಯಾಬನ್ನು ಎದೆಗೆ ಒತ್ತಿಕೊಂಡು ನೇರ ನನ್ನ ಮೇಜಿಗೆ ಬಂದಳು.

"ಮ್ಯಾಪ್ ಮಾಡುವವರು ನೀವೇ ಅಲ್ವಾ ಮೇಡಂ? ನನ್ನ ಲಿಸ್ಟಿನಿಂದ ಏಳು ಮನೆ ಮಾಯ ಆಗಿವೆ. ಕಡಂಗದ ಕೆಳಗಿನ ಏಳೂ ಮನೆ."

ತಾಲ್ಲೂಕು ಒಡೆದು ಎರಡಾದ ಮೇಲೆ ಊರೂರಿನ ಗಡಿಯನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಎಳೆಯುವ ಕೆಲಸ ನಮ್ಮದು. ನಾನು ಕಾಂಟ್ರ್ಯಾಕ್ಟಿನವಳು, ಭೂಗೋಳದಲ್ಲಿ ಡಿಗ್ರಿ ಮಾಡಿದ್ದಕ್ಕೆ ಸಿಕ್ಕಿದ ಕೆಲಸ. ನೆಲ್ಲಿಮೊಟ್ಟೆ ಹಳೇ ತಾಲ್ಲೂಕಿನಲ್ಲಿ ಉಳಿಯಿತು, ಪಕ್ಕದ ಕುಡಿಗೇರಿ ಹೊಸದಕ್ಕೆ ಹೋಯಿತು. ಕರಡು ನಕ್ಷೆ ಹೋದ ಗುರುವಾರ ಪ್ರಕಟವಾಗಿದೆ. ಆಕ್ಷೇಪಣೆಗೆ ಮಾರ್ಚ್ ಇಪ್ಪತ್ತೆರಡರವರೆಗೆ ಸಮಯ.

"ಆ ಮನೆಗಳು ಈಗ ಕುಡಿಗೇರಿಗೆ ಬಂದಿವೆ. ಅಲ್ಲಿನ ಆಶಾ ನೋಡ್ತಾರಲ್ಲ" ಎಂದೆ.

"ಎಲ್ಲಿಂದ ನೋಡ್ತಾರೆ? ತೋಡು ದಾಟಿ, ಆನೆ ಓಡಾಡುವ ಕಾಡಿನಲ್ಲಿ ನಾಲ್ಕು ಮೈಲಿ ಬರ್ಬೇಕು. ಅವಳು ನಂಗೇ ಫೋನ್ ಮಾಡಿ, 'ನೀನೇ ನೋಡಕ್ಕ' ಅಂತಾಳೆ. ನಾನು ಸುಮ್ನೆ ಹೋಗಿ ಮಾತಾಡಿ ಬರ್ಬಹುದು, ಆದ್ರೆ ಮಾತ್ರೆ ಕೊಡ್ಲಿಕ್ಕೆ ಹೆಸರೇ ಇಲ್ಲ. ಆಂಬುಲೆನ್ಸ್ ಕರೆದ್ರೆ ಅದು ಬೇರೆ ತಾಲ್ಲೂಕು ಅಂತಾರೆ. ಅಲ್ಲಿ ಏಳು ತಿಂಗಳು ತುಂಬಿದ ಬಸುರಿ ಒಬ್ಳಿದ್ದಾಳೆ ಮೇಡಂ, ಮೋಕ್ಷಿತಾ ಅಂತ. ಬಿಪಿ ಏರ್ತಾ ಉಂಟು."

ನೋಡ್ತೇನೆ ಎಂದೆ. ಅವಳು ಹೋದ ಮೇಲೆ ಅತ್ತೆಗೆ ಫೋನ್ ಮಾಡಿ ಪುಟ್ಟಿ ಏನು ಮಾಡುತ್ತಿದ್ದಾಳೆ ಎಂದು ಕೇಳಿದೆ. ಇವತ್ತಿಗೆ ಒಂಬತ್ತನೇ ಸಲ.

ಫೆಬ್ರವರಿ 25, ಮಂಗಳವಾರ

ಹಾಲು: 12.50, 2.30, 4.15, 6.45.

ತಪ್ಪು ನನ್ನದೇ.

ಹಳೇ ನಕಾಶೆಯಲ್ಲಿ ಎರಡು ಊರಿನ ನಡುವಿನ ಎಲ್ಲೆ ತೋಡು, ಆ ಸಣ್ಣ ಹಳ್ಳ, ಎಂದು ಸ್ಪಷ್ಟವಾಗಿ ಬರೆದಿದೆ. ನಾನು ಎಳೆದದ್ದು ಡ್ರೋನ್ ಚಿತ್ರ ನೋಡಿ. ಅದು ಅಕ್ಟೋಬರಿನದ್ದು, ಮಳೆ ಇನ್ನೂ ಪೂರ್ತಿ ಬಿಟ್ಟಿರದ ಕಾಲ. ಚಿತ್ರದಲ್ಲಿ ಕಾಫಿ ತೋಟದ ನಡುವೆ ನೀರಿನ ಒಂದು ಗೆರೆ ಫಳಫಳ ಹೊಳೆಯುತ್ತದೆ. ನೀರು ಕಂಡಿತು, ತೋಡೆಂದುಕೊಂಡೆ, ಎಳೆದೆ. ಇವತ್ತು ಹಿಗ್ಗಿಸಿ ನೋಡಿದರೆ ಅದು ಅಳತೆ ಹಿಡಿದು ಕೊರೆದ ಹಾಗೆ ಬಾಗಿದೆ. ತೋಡು ಹಾಗೆ ಬಾಗುವುದಿಲ್ಲ. ಅದು ಕಡಂಗ. ರಾಜರ ಕಾಲದಲ್ಲಿ ಯುದ್ಧಕ್ಕೆಂದು ತೋಡಿದ ಕಂದಕ. ಮಳೆನೀರು ನಿಂತಿತ್ತು ಅಷ್ಟೇ. ನಿಜವಾದ ತೋಡು ಇನ್ನೂರು ಮೀಟರ್ ಕೆಳಗೆ, ಮರಗಳಡಿ ಮುಚ್ಚಿಹೋಗಿದೆ. ಎರಡರ ನಡುವೆ ಆ ಏಳು ಮನೆ.

ಫೈಲಿನಲ್ಲಿ ತಾರೀಕು ಇದೆ. ಜನವರಿ 17. ಪುಟ್ಟಿಗೆ ಜ್ವರ ಬಂದು ಇಳಿದ ಮರುದಿನ. ಅವತ್ತು ಹನ್ನೊಂದು ಕಿಲೋಮೀಟರ್ ಗಡಿ ಎಳೆದಿದ್ದೇನೆ.

ಮಾರ್ಚ್ 31ಕ್ಕೆ ನನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಮುಂದುವರಿಸುವ ಪಟ್ಟಿ ತಯಾರಾಗುತ್ತಿದೆ ಎಂದು ಕೇಳಿದೆ.

ಫೈಲ್ ಮುಚ್ಚಿದೆ.

ಫೆಬ್ರವರಿ 28, ಶುಕ್ರವಾರ

ಹಾಲು: 1.00, 2.40, 4.30, 6.50. ಉಸಿರು ನಲವತ್ತು. ನಲವತ್ತು ಹೆಚ್ಚಾಯಿತೇ? ಪುನಃ ಎಣಿಸಿದೆ, ಮೂವತ್ತೊಂಬತ್ತು.

ಯಾರಿಗೂ ಹೇಳಿಲ್ಲ.

ಮಾರ್ಚ್ 2, ಭಾನುವಾರ

ಲೋಹಿತ್ ಬಂದಿದ್ದರು. ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಡ್ಯೂಟಿ, ಹದಿನೈದು ದಿನಕ್ಕೊಂದು ಭಾನುವಾರ ರಜೆ. ಮಗಳನ್ನು ಕಾಲ ಮೇಲೆ ಹಾಕಿಕೊಂಡು ಗೇಟು ಏರಿಸಿದ ಹಾಗೆ, ಇಳಿಸಿದ ಹಾಗೆ ಆಡಿಸುತ್ತಿದ್ದರು. ಅವಳು ಕೇಕೆ ಹಾಕುತ್ತಿದ್ದಳು. ನಾನು ಕುತ್ತಿಗೆ ಹಿಡಿದುಕೊಳ್ಳಿ, ಕುತ್ತಿಗೆ ಹಿಡಿದುಕೊಳ್ಳಿ ಎನ್ನುತ್ತಿದ್ದೆ.

"ನಿಮ್ಮ ಗೇಟನ್ನ ತಪ್ಪು ಜಾಗದಲ್ಲಿ ಇಟ್ಟಿದ್ದಾರೆ ಅಂತ ಗೊತ್ತಾದ್ರೆ ಏನ್ ಮಾಡ್ತೀರ?" ಎಂದು ಕೇಳಿದೆ.

"ನಾನೇನ್ ಮಾಡ್ಲಿ? ನಾನು ಗೇಟು ಎತ್ತೋನು, ಇಟ್ಟೋನಲ್ಲ."

"ಇಟ್ಟೋರು ನೀವೇ ಆಗಿದ್ರೆ?"

ಅವರು ನನ್ನ ಮುಖ ನೋಡಿದರು. "ಅನು, ನೀನು ಕೊನೇ ಸಲ ನಾಲ್ಕು ಗಂಟೆ ಒಟ್ಟಿಗೆ ಮಲಗಿದ್ದು ಯಾವಾಗ?"

ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟರು: "ಅವ್ಳೆಲ್ಲಿ ಮಲಗ್ತಾಳೆ? ಮಗೀನ ಉಸ್ರು ಎಣಿಸ್ತಾ ಕೂತಿರ್ತಾಳೆ. ಎಣಿಸಿದ್ರೆ ಹೆಚ್ಚಾಯ್ತದಾ, ಬಿಟ್ರೆ ಕಮ್ಮಿಯಾಯ್ತದಾ?"

ಲೋಹಿತ್ ನಕ್ಕರು. ನಾನೂ ನಕ್ಕೆ. ಅತ್ತೆ ವಿಶಾಲಾಕ್ಷಮ್ಮ ಐದು ಹೆತ್ತವರು, ಮೂರು ಉಳಿದವು. ಆ ಎರಡರ ವಿಷಯ ಅವರು ಮಾತಾಡುವುದಿಲ್ಲ. ಎಣಿಸಬೇಡ ಎಂದು ಹೇಗೆ ಹೇಳುತ್ತಾರೋ ನನಗೆ ತಿಳಿಯುವುದಿಲ್ಲ.

ಮಾರ್ಚ್ 5, ಬುಧವಾರ

ಹಾಲು: 2.00, 4.40, 6.30.

ನೆಲ್ಲಿಮೊಟ್ಟೆಯವರ ಆಕ್ಷೇಪಣೆ ಬಂದಿದೆ. ದಿವ್ಯಶ್ರೀಯೇ ಮನೆಮನೆಗೆ ಹೋಗಿ ಸಹಿ ಹಾಕಿಸಿದ್ದಾಳೆ. ಸರ್ವೇಯರ್ ಶಶಿಧರ ಅವರ ಜೊತೆ ಸ್ಥಳ ನೋಡಲು ಹೋಗಿದ್ದೆ. ಇಪ್ಪತ್ತೆರಡು ವರ್ಷ ಸರಪಳಿ ಎಳೆದ ಮನುಷ್ಯ, ಭಾಗಮಂಡಲದ ಕಡೆಯವರು. ಕಡಂಗದ ಅಂಚಿನಲ್ಲಿ ನಿಂತು ಕೆಳಗೆ ನೋಡಿದರು. ಒಣಗಿದ ಹೊಂಡ, ಆಳ ಒಂದಾಳು, ತುಂಬ ಜರಿಗಿಡ. ಆಮೇಲೆ ನನ್ನ ಕೈಯಲ್ಲಿದ್ದ ನಕ್ಷೆ ನೋಡಿದರು. ಆಮೇಲೆ ನನ್ನನ್ನು.

"ಎಂತ ಮಾರಾಯ್ತಿ! ನೀರು ಕಂಡಲ್ಲೆಲ್ಲ ತೋಡು ಅಂತ ಎಳೆದ್ರೆ ಮಳೆಗಾಲದಲ್ಲಿ ನಮ್ಮ ಜಿಲ್ಲೆ ಇಡೀ ತೋಡೇ."

ನನ್ನ ಕಣ್ಣು ತುಂಬಿತು. ಅವರಿಗೆ ಗಾಬರಿಯಾಯಿತು. "ಅಯ್ಯೋ, ಅಳ್ಬೇಡಿ. ತಾಂತ್ರಿಕ ದೋಷ ಅಂತ ಬರೆಯುವ. ಯಂತ್ರಕ್ಕೆ ಹೆಂಡ್ತಿ ಮಕ್ಕಳಿಲ್ಲ, ಅದರ ಮೇಲೆ ಹಾಕಿದ್ರೆ ಯಾರಿಗೂ ನಷ್ಟ ಇಲ್ಲ. ಆದ್ರೆ ಮಹಜರಿಗೆ ಎರಡೂ ಊರಿನವರು ಸಹಿ ಹಾಕ್ಬೇಕು. ಕುಡಿಗೇರಿಯವರು ಹಾಕ್ತಾರಾ ಅಂತ ನೋಡುವ."

ಸಮಾಧಾನವಾಯಿತು. ಸಮಾಧಾನವಾಯಿತೆಂದು ನಾಚಿಕೆಯೂ ಆಯಿತು.

ಮೊದಲನೇ ಮನೆಯೇ ಮೋಕ್ಷಿತಾಳದ್ದು. ಅವಳ ಅತ್ತೆ ರಾಮಮ್ಮ ಜಗಲಿಯಲ್ಲಿ ಕಾಳುಮೆಣಸು ಹರವುತ್ತಿದ್ದರು. "ಮೋಕ್ಷಿ, ಬೆಲ್ಲದ ಕಾಪಿ ತಾ" ಎಂದು ಕೂಗಿ, ತಕ್ಷಣ ತಾವೇ ಎದ್ದು, "ನೀ ಕೂರು ಗೂಡೆ, ನಾನೇ ತರ್ತೇನೆ" ಎಂದು ಒಳಗೆ ಹೋದರು. ಗೂಡೆ ಎಂದರೆ ಹುಡುಗಿ; ಮೋಕ್ಷಿತಾಳಿಗೆ ಇಪ್ಪತ್ಮೂರು. ಪಾದ ಊದಿ ಚಪ್ಪಲಿಯ ಬಾರು ಚರ್ಮದೊಳಗೆ ಹೂತಿತ್ತು. ತವರಿನಲ್ಲಿ ತಾಯಿ ಇಲ್ಲ, ಆದ್ದರಿಂದ ಹೆರಿಗೆಗೂ ಇಲ್ಲೇ.

"ನಿಮ್ಗೆ ಪಾಪು ಉಂಟಾ ಅಕ್ಕ?"

"ಐದು ತಿಂಗಳು."

"ನಂಗೆ ನಿದ್ದೆಯೇ ಬರುದಿಲ್ಲ. ಒಳಗೆ ಅಲುಗಾಡದೆ ಇದ್ರೆ ಎದ್ದು ಕೂತು ಎಣಿಸ್ತೇನೆ. ದಿವ್ಯಕ್ಕ ಬರ್ತಿದ್ದಾಗ, ಹತ್ತು ಸಲ ಅಲುಗಾಡಿದ್ರೆ ಸಾಕು ಅಂತ ಹೇಳ್ತಿದ್ರು. ಈಗ ಹತ್ತು ಆದ ಮೇಲೂ ಎಣಿಸ್ತೇನೆ."

ನಾನು ಕಾಫಿ ಕುಡಿದೆ.

ಅಲ್ಲಿ ನೆಟ್‌ವರ್ಕ್ ಇಲ್ಲ. ಎರಡೂವರೆ ಗಂಟೆ ಮನೆಗೆ ಫೋನಿಲ್ಲ. ರಸ್ತೆಗೆ ಬಂದ ಕೂಡಲೇ ಅತ್ತೆಗೆ ಹಚ್ಚಿದೆ.

"ಹೇಗಿದಾಳೆ?"

"ಮಲಗವ್ಳೆ. ನೀನು ಫೋನ್ ಮಾಡ್ದೆ ಇದ್ದುದ್ಕೆ ಇವತ್ತು ನೆಮ್ಮದಿಯಾಗಿ ಮಲಗವ್ಳೆ."

ಮಾರ್ಚ್ 11, ಮಂಗಳವಾರ

ಹಾಲು: 2.15, 5.00, ಆಮೇಲೆ ಬೆಳಿಗ್ಗೆ.

ಕುಡಿಗೇರಿಯ ಪೊನ್ನಪ್ಪನವರು ಆಫೀಸಿಗೆ ಬಂದಿದ್ದರು. ಆ ಊರಿನ ತಕ್ಕ, ಎಂದರೆ ದೇವಸ್ಥಾನದ ಕಾರ್ಯವೆಲ್ಲ ಅವರ ಮುಂದಾಳ್ತನದಲ್ಲಿ. ಎಪ್ಪತ್ತು ದಾಟಿದ್ದಾರೆ. ನೆಟ್ಟಗೆ ನಡೆಯುತ್ತಾರೆ. ಒಂದು ಗೊನೆ ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟರು.

"ನಲವತ್ತು ವರ್ಷ ಆಯ್ತು ನಾವು ಸ್ವಂತ ಪಂಚಾಯಿತಿ ಕೇಳ್ಲಿಕ್ಕೆ ಶುರು ಮಾಡಿ. ಪ್ರತಿ ಸಲ ಜನ ಕಮ್ಮಿ, ತಲೆ ಸಾಲದು ಅಂತ ಕಳಿಸಿದ್ರು. ಮುದುಕಿಯರು ಪಿಂಚಣಿ ಕಾಗದಕ್ಕೆ ಒಂಬತ್ತು ಮೈಲಿ ನಡೀತಾರೆ. ಈಗ ಆ ಏಳು ಮನೆಯ ಮೂವತ್ತೊಂದು ಜನ ಸೇರಿದ್ರೆ ಸಾಕಾಗ್ತದೆ. ಈ ಗೆರೆ ಯಾರು ಎಳೆದ್ರೋ, ಅವರ ಕೈ ತಣ್ಣಗಿರ್ಲಿ."

ಶಶಿಧರ ಕೆಮ್ಮಿದರು. ನಾನು ಮೇಜಿನ ಕೆಳಗೆ ಕೈ ಇಟ್ಟುಕೊಂಡೆ.

ಬಾಳೆಹಣ್ಣನ್ನು ಆಫೀಸಿನವರೆಲ್ಲ ತಿಂದರು. ನಾನು ಮುಟ್ಟಲಿಲ್ಲ.

ಗೆರೆ ಹೀಗೇ ಉಳಿದರೆ ಮೋಕ್ಷಿತಾಳನ್ನು ನೋಡುವವರಿಲ್ಲ. ಅಳಿಸಿದರೆ ಈ ಮುದುಕರ ನಲವತ್ತು ವರ್ಷ. ಮತ್ತೆ ನನ್ನ ಕೆಲಸ. ಮೂರನೆಯದನ್ನು ಕೊನೆಗೆ ಬರೆದೆ, ಆದರೆ ಯೋಚನೆ ಬಂದದ್ದು ಅದೇ ಮೊದಲು.

ಮಾರ್ಚ್ 14, ಶುಕ್ರವಾರ

ಮಳೆ ಹನಿಯಿತು. ಇನ್ನು ಎಂಟು ಹತ್ತು ದಿನಕ್ಕೆ ಕಾಫಿ ಹೂವಾಗುತ್ತದೆ. ದಿವ್ಯಶ್ರೀ ರಜೆ ಹಾಕಿ, ಯಾರದೋ ಬಿಪಿ ಯಂತ್ರ ಎರವಲು ತೆಗೆದುಕೊಂಡು ಹೋಗಿ ಮೋಕ್ಷಿತಾಳನ್ನು ನೋಡಿ ಬಂದಳಂತೆ. ಬಿಪಿ ನೂರೈವತ್ತು. ಮೆಸೇಜಿನಲ್ಲಿ ಅಷ್ಟೇ ಬರೆದಿದ್ದಾಳೆ, ಒಂದು ಬೈಗುಳವನ್ನೂ ಸೇರಿಸಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಲು ಬೆಳಿಗ್ಗೆ ಎರಡು ಸಲ.

ಮಾರ್ಚ್ 19, ಬುಧವಾರ

ಇವತ್ತು ಮಹಜರು. ಅತ್ತೆ ತಮ್ಮ ನಾದಿನಿಯ ಮಗಳ ಸೀಮಂತಕ್ಕೆಂದು ಶಿರಂಗಾಲಕ್ಕೆ ಹೋಗಿ ಎರಡು ದಿನವಾಗಿದೆ. ಪುಟ್ಟಿಯನ್ನು ಬಿಡುವವರಿಲ್ಲ. ಎದೆಗೆ ಕಟ್ಟಿಕೊಂಡು ಜೀಪು ಹತ್ತಿದೆ. ಟೋಪಿ ಎರಡು, ಥರ್ಮಾಮೀಟರ್, ಬಿಸಿನೀರಿನ ಫ್ಲಾಸ್ಕ್.

"ಮಗುವನ್ನ ಸರ್ವೇಗೆ ಸೇರಿಸಿದ್ರಾ?" ಎಂದರು ಶಶಿಧರ. ದಾರಿಯಲ್ಲಿ ಹೇಳಿದರು: ಕುಡಿಗೇರಿಯಲ್ಲಿ ದೇವರ ಹಬ್ಬದ ಕಟ್ಟು ಬಿದ್ದು ಮೂರು ದಿನವಾಯಿತಂತೆ. ಕಟ್ಟು ಬಿದ್ದರೆ ಹಬ್ಬ ಮುಗಿಯುವ ತನಕ ಊರ ಎಲ್ಲೆಯೊಳಗೆ ಹಸಿ ಮರ ಕಡಿಯುವಂತಿಲ್ಲ, ಮೀನು ಮಾಂಸ ಒಲೆಗೇರುವಂತಿಲ್ಲ, ಜಗಳ ಆಡುವಂತಿಲ್ಲ. "ಅದಕ್ಕೇ ಈ ದಿನ ಇಟ್ಟದ್ದು ನಾನು. ಬೇರೆ ದಿನ ಆಗಿದ್ರೆ ಕೋವಿ ಹಿಡ್ಕೊಂಡು ಬರ್ತಿದ್ರು" ಎಂದು ನಕ್ಕರು.

ರಾಮಮ್ಮನ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ನೆಲ್ಲಿಮೊಟ್ಟೆಯ ಹತ್ತು ಹನ್ನೆರಡು ಮಂದಿ, ದಿವ್ಯಶ್ರೀ, ತೋಡು ದಾಟಿ ಬಂದ ಪೊನ್ನಪ್ಪ ಮತ್ತು ನಾಲ್ವರು. ಮೋಕ್ಷಿತಾ ಜಗಲಿಯಲ್ಲಿ ಕಾಲು ಚಾಚಿ ಗೋಡೆಗೆ ಒರಗಿದ್ದಳು. ಮುಖ ಕೂಡ ಊದಿತ್ತು.

ಶಶಿಧರ ಓದಿದರು: "...ತಾಂತ್ರಿಕ ದೋಷದಿಂದ ಗಡಿರೇಖೆಯು ಕಡಂಗದ ಗುಂಟ..."

"ನಿಲ್ಸಿ" ಎಂದರು ಪೊನ್ನಪ್ಪ. "ಯಂತ್ರ ಯಾಕೆ ತಪ್ತದೆ? ಯಂತ್ರಕ್ಕೆ ಕುಡಿಗೇರಿ ಮೇಲೆ ಪ್ರೀತಿಯಾ?"

ಅವರ ಕಡೆಯವರು ನಕ್ಕರು. "ಇವರು ಆಕ್ಷೇಪಣೆ ಕೊಟ್ಟ ಮೇಲೆ ಯಂತ್ರಕ್ಕೆ ತಪ್ಪು ಗೊತ್ತಾಯ್ತಾ? ಸರ್ಕಾರ ಆಕಾಶದಿಂದ ನೋಡಿ ಎಳೆದ ಗೆರೆ. ಅದೇ ಇರ್ಲಿ."

"ಆಕಾಶದಿಂದ ನೋಡಿದವ್ರು ಬಂದು ಇವಳ ಬಿಪಿ ನೋಡ್ತಾರಾ?" ಎಂದು ದಿವ್ಯಶ್ರೀ ಎದ್ದಳು.

"ಜಗಳ ಬೇಡ ತಾಯಿ, ಕಟ್ಟು ಬಿದ್ದಿದೆ" ಎಂದರು ಪೊನ್ನಪ್ಪ, ಮೆಲ್ಲಗೆ.

ನಕ್ಷೆ ಬಿಡಿಸಲು ನನಗೆ ಎರಡೂ ಕೈ ಬೇಕಿತ್ತು. ಬಿಡಿಸಿ ನೆಲದ ಮೇಲೆ ಹಾಸಿದೆ. ನಾಲ್ಕು ಮೂಲೆಗೆ ಕಲ್ಲಿಟ್ಟೆ. ನಾನು ಮಾತಾಡಬೇಕೆಂದು ಮೊದಲೇ ಯೋಚಿಸಿರಲಿಲ್ಲ.

"ಯಂತ್ರ ಎಳೆದದ್ದಲ್ಲ. ನಾನು ಎಳೆದದ್ದು" ಎಂದೆ. "ಈ ಕಡಂಗದಲ್ಲಿ ಮಳೆನೀರು ನಿಂತಿತ್ತು. ತೋಡು ಅಂದ್ಕೊಂಡೆ. ಅವತ್ತು ನಿದ್ದೆ ಇರ್ಲಿಲ್ಲ ನನಗೆ. ತೋಡು ಮರದಡಿ ಇತ್ತು, ನಾನು ಹುಡುಕ್ಲಿಲ್ಲ. ತಪ್ಪು ನನ್ನದು, ಹಾಗಂತಲೇ ಬರೀರಿ ಸರ್."

ಶಶಿಧರ ಪೆನ್ನನ್ನು ಮೇಲೆ ಹಿಡಿದೇ ಕೂತರು. ಪೊನ್ನಪ್ಪ ನನ್ನ ಕಡೆ ತಿರುಗಿದರು.

"ನಿಮ್ಮ ಕೈಗೆ ನಾನು ಹರಸಿದ್ದೆ" ಎಂದರು.

"ಹೌದು."

"ಆದ್ರೂ ಒಬ್ಬರ ಮಾತಿನ ಮೇಲೆ ಊರಿನ ನಲವತ್ತು ವರ್ಷ ಬಿಟ್ಟು ಕೊಡ್ಲಿಕ್ಕಾಗುದಿಲ್ಲ. ಸಹಿ ಹಾಕುದಿಲ್ಲ."

ಅಷ್ಟರಲ್ಲಿ ಒಳಗಿನಿಂದ ವಾಸನೆ ಬಂತು. ಒಣಮೀನು ಕೆಂಡದ ಮೇಲೆ ಬಿದ್ದ ವಾಸನೆ. ಅಂಗಳದಲ್ಲಿದ್ದ ಎಲ್ಲರ ಮುಖವೂ ಒಂದೇ ಕಡೆ ತಿರುಗಿತು. ಪೊನ್ನಪ್ಪನವರದ್ದು ಎಲ್ಲರಿಗಿಂತ ಮೊದಲು.

"ರಾಮಮ್ಮ, ಒಣಮೀನಾ?"

"ಹೌದು ಪೊನ್ನಪ್ಪಣ್ಣ!" ಒಳಗಿನಿಂದ ದನಿ ಬಂತು. "ಬಸುರಿ ಆಸೆಪಟ್ಟಿದ್ದಾಳೆ. ಊಟಕ್ಕೆ ಏಳ್ತೀರಾ?"

"ಹೊಟ್ಟೆ ಉರಿಸ್ಬೇಡ ಮಾರಾಯ್ತಿ. ನಿಮ್ಗೆಂತ, ನಿಮ್ಮೂರಿಗೆ ಕಟ್ಟು ಬೀಳ್ಲಿಕ್ಕೆ ಇನ್ನೂ ಹದಿನೈದು ದಿನ ಉಂಟು. ನಮ್ಗೆ ಹಬ್ಬದವರೆಗೂ ಸೌತೆಕಾಯಿ ಸಾರೇ ಗತಿ."

'ನಿಮ್ಮೂರು' ಎಂದದ್ದು ಎಲ್ಲರಿಗೂ ಕೇಳಿಸಿತ್ತು. ಒಳಗೆ ಮೀನು ಚಟಪಟ ಎನ್ನುತ್ತಿತ್ತು.

ಪೊನ್ನಪ್ಪನವರ ಬಾಯಿ ತೆರೆದದ್ದು ಹಾಗೇ ಇತ್ತು. ಜಗಲಿಯನ್ನು ನೋಡಿದರು, ತೋಡಿನ ಕಡೆ ನೋಡಿದರು, ಕೊನೆಗೆ ಶಶಿಧರರನ್ನು.

"ಬರ್ಕೊಂಡ್ರಾ?"

"ಇಲ್ಲ. ನೀವು ಹೇಳಿದ್ರೆ ಮಾತ್ರ ಬರೀತೇನೆ."

ನೆಲ್ಲಿಮೊಟ್ಟೆಯ ಒಬ್ಬ ಮುದುಕ ಕಿಸಕ್ಕನೆ ನಕ್ಕ. ಆಮೇಲೆ ಎಲ್ಲರೂ. ಎಲ್ಲರಿಗಿಂತ ಕೊನೆಗೆ ಪೊನ್ನಪ್ಪ, ಟವೆಲಿನಿಂದ ಬಾಯಿ ಮುಚ್ಚಿಕೊಂಡು.

"ನನ್ನ ಎಲ್ಲೆಯೊಳಗೆ ಮೀನು ಸುಟ್ರೆ ತಕ್ಕನಾದ ನಾನು ದೇವರ ಮುಂದೆ ತಪ್ಪು ಒಪ್ಪಿಸ್ಬೇಕು. ನನ್ನಪ್ಪನ ಕಾಲದಿಂದ ಈ ಏಳು ಮನೆಯ ಒಲೆಗೆ ನಾವು ಕಟ್ಟು ಹೇಳ್ಲಿಲ್ಲ. ಕಟ್ಟು ಬಿದ್ದಿರುವಾಗ ಸುಳ್ಳಿಗೆ ಹಟ ಹಿಡೀಲಿಕ್ಕೂ ಆಗುದಿಲ್ಲ." ಕೈ ಚಾಚಿದರು. "ತಾ ಪೆನ್ನು. ತೋಡೇ ಎಲ್ಲೆ."

ಹೆಸರನ್ನು ಪೂರ್ತಿ ಬರೆದು ಸಹಿ ಹಾಕಿದರು. ತಲೆ ಸಾಲದು ಎಂಬ ಮಾತನ್ನು ಅವರು ಇನ್ನು ಮತ್ತೆ ಕೇಳಬೇಕು.

ಮನೆಗೆ ಬಂದು ಬಟ್ಟೆ ಬದಲಿಸುವಾಗ ಗಮನಿಸಿದೆ. ಪುಟ್ಟಿಯ ತಲೆಗೂದಲೆಲ್ಲ ಒಣಮೀನಿನ ವಾಸನೆ. ಇವಳು ಯಾವಾಗ ಅಡುಗೆಮನೆಗೆ ಹೋಗಿದ್ದಳು? ನಕ್ಷೆ ಬಿಡಿಸುವಾಗ ರಾಮಮ್ಮ ಬಂದು ಎತ್ತಿಕೊಂಡಿರಬೇಕು. ಕೊಟ್ಟದ್ದು ನನಗೆ ನೆನಪೇ ಇಲ್ಲ.

ಮಾರ್ಚ್ 20, ಗುರುವಾರ

ದಿವ್ಯಶ್ರೀ ಫೋನ್ ಮಾಡಿದ್ದಳು. ಮಹಜರಿನ ಪ್ರತಿ ತೋರಿಸಿ ಏಳೂ ಮನೆಯನ್ನು ಟ್ಯಾಬಿಗೆ ಮರಳಿ ಸೇರಿಸಿದಳಂತೆ. ಮೋಕ್ಷಿತಾಳಿಗೆ ಮಾತ್ರೆ ಕೊಟ್ಟಾಯಿತು. ನಾಳೆ ಡಾಕ್ಟರಿಗೆ ತೋರಿಸುತ್ತಾಳೆ.

ನನಗೆ ನೆಗಡಿ.

ಏಪ್ರಿಲ್ 1, ಮಂಗಳವಾರ

ಎರಡು ಕಾಗದ ಒಟ್ಟಿಗೆ ಬಂದವು. ಒಂದು, ವಿವರಣೆ ಕೇಳಿ. ಇನ್ನೊಂದು, ಕಾಂಟ್ರ್ಯಾಕ್ಟ್ ವರ್ಷಕ್ಕಲ್ಲ, ಮೂರು ತಿಂಗಳಿಗೆ ಮಾತ್ರ. ಜೂನ್ ಮೂವತ್ತರ ಮೇಲೆ ಏನೋ ಗೊತ್ತಿಲ್ಲ. ಲೋಹಿತ್‌ಗೆ ಫೋನಿನಲ್ಲಿ ಹೇಳಿದೆ. "ಮೂರು ತಿಂಗಳು ಗೇಟು ತೆರೆದಿದೆಯಲ್ಲ" ಎಂದರು.

"ನಾನು ಮೊದ್ಲೇ ಹೇಳಿದ್ದೆ" ಎಂದು ಶಶಿಧರ ಗೊಣಗಿದರು. "ಯಂತ್ರಕ್ಕೆ ಯಾರೂ ನೋಟಿಸ್ ಕೊಡುದಿಲ್ಲ."

ಮಧ್ಯಾಹ್ನ ಪೊನ್ನಪ್ಪ ಬಂದಿದ್ದರು. ಕೈಯಲ್ಲಿ ಗೊನೆ ಇರಲಿಲ್ಲ, ಹಾಳೆಯಿತ್ತು. ಕುಡಿಗೇರಿಯ ಎಸ್ಟೇಟುಗಳ ಲೈನ್ ಮನೆಗಳಲ್ಲಿ ಇರುವ ಕೆಲಸಗಾರರ ಹೆಸರು. ಇಪ್ಪತ್ತು ವರ್ಷದಿಂದ ಇರುವವರೂ ಇದ್ದಾರೆ.

"ಇವರನ್ನ ಸರ್ಕಾರವೂ ಎಣಿಸ್ಲಿಲ್ಲ" ಎಂದವರು, ಕುರ್ಚಿ ಎಳೆದು ಕೂತು, "ನಾವೂ ಎಣಿಸ್ಲಿಲ್ಲ ತಾಯಿ. ನಮ್ಮವರು ಅಂತ ತೋರ್ಲೇ ಇಲ್ಲ. ತೋಡಿನಾಚೆ ತಲೆ ಹುಡುಕ್ತಾ ಕೂತೆವು" ಎಂದರು.

ಅರವತ್ನಾಲ್ಕು ಹೆಸರು. ಅರ್ಜಿ ಬರೆದುಕೊಟ್ಟೆ. ಯಾವ ಮನೆ ಎಲ್ಲಿದೆ ಎಂದು ನಾನೇ ನಡೆದು ನೋಡಿ ಗುರುತು ಹಾಕುತ್ತೇನೆಂದು ಹೇಳಿದ್ದೇನೆ. ಆಕಾಶದಿಂದ ಬೇಡ.

ಏಪ್ರಿಲ್ 13, ಭಾನುವಾರ

ಮೋಕ್ಷಿತಾಳಿಗೆ ಮಂಗಳವಾರ ಹೆಣ್ಣುಮಗು. ಹತ್ತು ದಿನ ಮೊದಲೇ ನೋವು ಬಂತಂತೆ. ದಿವ್ಯಶ್ರೀ ಕರೆದ ಆಂಬುಲೆನ್ಸ್ ಅರ್ಧ ಗಂಟೆಯಲ್ಲಿ ಕಡಂಗದ ಮೇಲಿನ ರಸ್ತೆಗೆ ಬಂತು. ಯಾವ ತಾಲ್ಲೂಕು ಎಂದು ಯಾರೂ ಕೇಳಲಿಲ್ಲ. ಎರಡೂ ಜೀವ ಚೆನ್ನಾಗಿವೆ. ತಾಯಿ-ಮಗುವಿನ ಕಾರ್ಡಿನಲ್ಲಿ ಊರು ನೆಲ್ಲಿಮೊಟ್ಟೆ.

ಇವತ್ತು ನೋಡಲು ಹೋಗಿದ್ದೆವು, ಅತ್ತೆ, ಪುಟ್ಟಿ, ನಾನು. ಅತ್ತೆ ಮತ್ತು ರಾಮಮ್ಮ ಐದೇ ನಿಮಿಷದಲ್ಲಿ ಅಕ್ಕತಂಗಿಯರಾದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧಂಬರ್ಧ, ಆದರೂ ಇಬ್ಬರೂ ಸೇರಿ ಬೈದದ್ದು ನಮ್ಮನ್ನೇ. ಮಕ್ಕಳಿಬ್ಬರನ್ನೂ ಜಗಲಿಯ ಚಾಪೆಯ ಮೇಲೆ ಮಲಗಿಸಿದ್ದರು. ನಾನು ಅಲ್ಲೇ ಕಂಬಕ್ಕೆ ಒರಗಿ ಕೂತೆ. ಕಾಫಿ ಹೂವು ಮುಗಿದು ಮಿಡಿ ಕಟ್ಟಿತ್ತು. ತೋಡಿನ ಸದ್ದು ಕೇಳುತ್ತದೆ ಅಲ್ಲಿಂದ. ಮೊದಲೆರಡು ಸಲ ಹೋದಾಗ ಕೇಳಿರಲಿಲ್ಲ.

ಎದ್ದಾಗ ಬಿಸಿಲು ಅಂಗಳ ದಾಟಿ ಹೋಗಿತ್ತು. ಚಾಪೆ ಖಾಲಿ. ಯಾರೋ ನನ್ನ ತಲೆಯಡಿ ದಿಂಬು ಇಟ್ಟಿದ್ದರು, ಕಾಲ ಮೇಲೆ ಕಂಬಳಿ. ಒಳಗೆ ಪುಟ್ಟಿ ನಗುವುದು ಕೇಳಿಸಿತು. ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ.

ಹೊರಡುವಾಗ ಮೋಕ್ಷಿತಾ ಕೈ ಹಿಡಿದುಕೊಂಡಳು. "ಅಕ್ಕ, ಮಗುವಿಗೆ ಹಾಲು ಕೊಟ್ಟ ಹೊತ್ತೆಲ್ಲ ಬರೆದಿಡ್ಬೇಕಂತೆ ಹೌದಾ? ಎಂಥ ಪುಸ್ತಕದಲ್ಲಿ ಬರೀಬೇಕು?"

ಅವಳಿಗೊಂದು ಹೊಸ ಪುಸ್ತಕ ಕೊಳ್ಳೋಣವೆಂದರೆ ಪೇಟೆಯಲ್ಲಿ ಇವತ್ತು ಅಂಗಡಿ ಮುಚ್ಚಿತ್ತು. ಇದರಲ್ಲಿ ಇನ್ನೂ ಐವತ್ತು ಹಾಳೆ ಖಾಲಿ ಇವೆ. ಬರೆದದ್ದನ್ನು ಕಿತ್ತಿಟ್ಟುಕೊಂಡು ಉಳಿದದ್ದನ್ನು ಕೊಟ್ಟುಬಿಡುತ್ತೇನೆ. ಮಂಗಳವಾರ ದಿವ್ಯಶ್ರೀ ಆ ಮನೆಗೆ ಹೋಗುವ ದಿನ, ಅವಳ ಕೈಯಲ್ಲಿ ಕಳಿಸಬೇಕು.